ವೇದಾ ಎಲ್ಲಿಗೆ ಮುಟ್ಟಿದಳು

ಮೆಲಾಕಾ, ಮಲೇಷ್ಯಾ
೮ ಜೂನ್ ೨೦೨೧, ಮಂಗಳವಾರ ಮಧ್ಯಾಹ್ನ

ಗೋಪಿನಾಥ ಭಾವನಿಗೆ ರಾಧಾಕೃಷ್ಣನ ನಮಸ್ಕಾರ.

ಹೇಗಿದ್ದೀರಿ ಎಂದು ಕೇಳುವ ಮುಖ ನನಗಿಲ್ಲ. ಆದರೂ ಅದನ್ನು ಕೇಳದೆ ಕಾಗದ ಶುರು ಮಾಡಲು ಕೈ ಬರುವುದಿಲ್ಲ. ಸಕ್ಕರೆ ಹಿಡಿತದಲ್ಲಿದೆಯೇ? ಎಡಗಾಲಿನ ಮಂಡಿ ನೋವು ಕಡಿಮೆಯಾಯಿತೇ? ಉಡುಪಿಯಲ್ಲೂ ಲಾಕ್‌ಡೌನ್ ಇದೆ, ನಿಮ್ಮ ಝೆರಾಕ್ಸ್ ಅಂಗಡಿಗೂ ಬೀಗ ಬಿದ್ದಿದೆ ಎಂದು ನಿಖಿತಾ ಹೇಳಿದಳು. ಮೊದಲಿನ ಹಾಗಿದ್ದರೆ, ಕೆಲಸವಿಲ್ಲದೆ ಮನೆಯಲ್ಲಿ ಕೂತ ಭಾವನಿಂದ ಬೆಲ್ಲದ ಡಬ್ಬಿಯನ್ನು ಅಡಗಿಸಿಡಿ ಎಂದು ಚೇಷ್ಟೆ ಮಾಡುತ್ತಿದ್ದೆ. ಲಸಿಕೆ ಎರಡೂ ಆಗಿದೆ ಎಂದುಕೊಳ್ಳುತ್ತೇನೆ. ಆಗಿಲ್ಲದಿದ್ದರೆ ದಯವಿಟ್ಟು ತಡ ಮಾಡಬೇಡಿ. ನನ್ನ ಮಾತು ಕೇಳಬೇಡಿ, ಆದರೆ ಡಾಕ್ಟರನ ಮಾತೆಂದಾದರೂ ಕೇಳಿ.

ನಿಮ್ಮ ಫೋನಿನಲ್ಲಿ ನನ್ನ ನಂಬರಿಗೆ ಜಾಗವಿಲ್ಲ. ಅದಕ್ಕೆ ಹೀಗೆ ಕಾಗದದ ಮೇಲೆ ಬರೆದು, ಒಂದೊಂದೇ ಪುಟದ ಫೋಟೋ ತೆಗೆದು ನಿಖಿತಾಳಿಗೆ ಕಳಿಸುತ್ತೇನೆ. ಅವಳ ನಂಬರು ಹುಡುಕಿಕೊಟ್ಟವನು ನಮ್ಮ ಮಗ ಅನೀಶ. ಅಪ್ಪ ಬೈದರೂ ಸರಿ, ಓದಿ ಮುಗಿಯುವವರೆಗೆ ಎದುರಿಗೇ ನಿಂತಿರುತ್ತೇನೆ ಎಂದಿದ್ದಾಳೆ. ಮಗಳನ್ನು ಬೈಯಬೇಡಿ ಭಾವ. ಬೈಗುಳವೆಲ್ಲ ಈ ಕಾಗದದ ಕೊನೆಗೆ ನನಗೇ ಸಲ್ಲಬೇಕಾದದ್ದು.

ನಿಮ್ಮ ತಂಗಿ ವೇದಾ ಆಸ್ಪತ್ರೆಯಲ್ಲಿದ್ದಾಳೆ. ಇಂದಿಗೆ ಆರನೆಯ ದಿನ. ಮೇ ಕೊನೆಯಲ್ಲಿ ನಮ್ಮಿಬ್ಬರಿಗೂ ಕೊರೋನಾ ಬಂತು. ನನ್ನದು ಕೆಮ್ಮಿನಲ್ಲೇ ಹೋಯಿತು, ಅವಳ ಶ್ವಾಸಕೋಶಕ್ಕೆ ಇಳಿಯಿತು. ಕೈಗೆ ಗುಲಾಬಿ ಬಣ್ಣದ ಪಟ್ಟಿ ಕಟ್ಟಿ ನನ್ನನ್ನು ಮನೆಯಲ್ಲೇ ಕೂರಿಸಿದ್ದಾರೆ, ಗೇಟು ದಾಟುವಂತಿಲ್ಲ. ಅನೀಶ ಬಯಾನ್ ಲೆಪಾಸ್‌ನಲ್ಲಿ ಸಿಕ್ಕಿಕೊಂಡಿದ್ದಾನೆ. ಪೆನಾಂಗಿನಿಂದ ಇಲ್ಲಿಗೆ ಬರಲು ಪೊಲೀಸರ ಪತ್ರ ಬೇಕು, ಬಂದರೂ ವಾರ್ಡಿನೊಳಗೆ ಬಿಡುವುದಿಲ್ಲ. ಪಕ್ಕದ ಮನೆಯ ರತ್ನ ಅಕ್ಕ ದಿನಕ್ಕೆರಡು ಸಲ ಅನ್ನ, ಸಾರನ್ನು ಅಂಗಡಿಯವರ ಹಾಗೆ, ಇಲ್ಲಿಯವರು ತಪಾವ್ ಎನ್ನುವ ಪೊಟ್ಟಣ ಕಟ್ಟಿ ನಮ್ಮ ಗೇಟಿಗೆ ನೇತುಹಾಕಿ, ದೂರ ನಿಂತು "ವೇದಾ ಎಪ್ಪಡಿ ಇರುಕ್ಕಾ?", ಹೇಗಿದ್ದಾಳೆ ಎಂದು ತಮಿಳಿನಲ್ಲಿ ಕೇಳುತ್ತಾರೆ. ನಾನು ತಲೆ ಅಲ್ಲಾಡಿಸುತ್ತೇನೆ. ಹೇಗೆ ಅಲ್ಲಾಡಿಸಿದೆ ಎಂದು ನನಗೇ ಗೊತ್ತಿರುವುದಿಲ್ಲ.

ಅವಳಿಗೆ ಮೂಗಿನಿಂದ ಜೋರಾಗಿ ಆಮ್ಲಜನಕ ಕೊಡುತ್ತಿದ್ದಾರೆ. ಒಂದು ಉಸಿರಿಗೆ ಎರಡು ಮಾತು ಬರುತ್ತದೆ. ನಿನ್ನೆ ಸಂಜೆ ನರ್ಸ್ ಫೋನು ಹಿಡಿದುಕೊಟ್ಟಾಗ ಅವಳು ಆಡಿದ ಎರಡು ಮಾತು, "ಅಣ್ಣ ಮಾಡಿದ್ನಾ?" ಹದಿನೈದು ತಿಂಗಳಿಂದ ಇದೇ ಪ್ರಶ್ನೆ ಭಾವ. ನೀವು ಫೋನು ಎತ್ತುತ್ತಿಲ್ಲ, ತನ್ನಿಂದ ಏನು ತಪ್ಪಾಯಿತೆಂದು ಅವಳಿಗೆ ಗೊತ್ತಿಲ್ಲ. ನಿಜವಾಗಿಯೂ ಗೊತ್ತಿಲ್ಲ. ಗೊತ್ತಿರುವವನು ನಾನೊಬ್ಬ. ನೀವು ಅವಳಿಗೆ ಒಂದೇ ಒಂದು ಸಲ ಫೋನು ಮಾಡಬೇಕು. ಅದಕ್ಕಾಗಿಯೇ ಈ ಕಾಗದ. ಇನ್ನು ಮುಂದೆ ಬರೆಯುವುದೆಲ್ಲ, ಅವಳ ಮೇಲಿನ ನಿಮ್ಮ ಸಿಟ್ಟು ಯಾಕೆ ತಪ್ಪು, ಅದು ಯಾರ ಮೇಲಿರಬೇಕಿತ್ತು ಎಂಬುದು.

ಕಳೆದ ವರ್ಷ ಫೆಬ್ರವರಿ ಕೊನೆಯಲ್ಲಿ ನಾವು ಯುರೋಪಿಗೆ ಹೊರಟದ್ದು ನಿಮಗೆ ಗೊತ್ತು. ಮದುವೆಯಾಗಿ ಮೂವತ್ತು ವರ್ಷ ತುಂಬಿದ ನೆಪ. ಆಮ್‌ಸ್ಟರ್‌ಡ್ಯಾಮಿನಿಂದ ರೈಲು ಹಿಡಿದು ಕಲೋನ್, ಲೂಸರ್ನ್, ಜಿನೀವಾ, ಲಿಯಾನ್ ನೋಡುತ್ತ ಬಾರ್ಸಿಲೋನಾ ತಲುಪುವುದು, ಮಾರ್ಚ್ ಹದಿನಾಲ್ಕಕ್ಕೆ ಅಲ್ಲಿ ಹಡಗು ಹತ್ತಿ ಏಳು ದಿನ ಸಮುದ್ರದ ಮೇಲಿರುವುದು. ಇಟಲಿಯಲ್ಲಿ ಜನ ಸಾಯುತ್ತಿದ್ದಾರೆಂದು ಓದಿದ್ದೆವು. ನಮ್ಮ ದಾರಿಯಲ್ಲಿ ಇಟಲಿ ಇಲ್ಲವಲ್ಲ ಎಂದು ನಾನೇ ನಕಾಶೆ ತೋರಿಸಿದ್ದೆ. ವೇದಾ ಅವಲಕ್ಕಿ, ಚಟ್ನಿಪುಡಿ, ಪುಟ್ಟ ರೈಸ್ ಕುಕ್ಕರ್ ಎಲ್ಲ ಕಟ್ಟಿಕೊಂಡಿದ್ದಳು. ಕೈಚೀಲದಲ್ಲಿ ಒಂದು ಸಣ್ಣ ಪುಸ್ತಕವಿಟ್ಟುಕೊಂಡು ರೈಲು ನಿಂತ ಪ್ರತಿ ಸ್ಟೇಷನ್ನಿನ ಹೆಸರನ್ನೂ ಬರೆದುಕೊಳ್ಳುತ್ತಿದ್ದಳು. ತನ್ನ ಅಮ್ಮನಿಗೆ ಓದಿ ಹೇಳಲು. ಮನೆಯವರು ಯಾರೇ ಪ್ರಯಾಣ ಹೊರಟರೂ ಅವರು ಎಲ್ಲಿಗೆ ಮುಟ್ಟಿದರು, ಎಲ್ಲಿಗೆ ಮುಟ್ಟಿದರು ಎಂದು ಗಂಟೆಗೊಮ್ಮೆ ಕೇಳುವುದು ಅತ್ತೆಯ ಅಭ್ಯಾಸವಲ್ಲವೇ. ಕುಂಜಿಬೆಟ್ಟಿನ ಮನೆಯಲ್ಲಿ ಕೂತು ಅವರು ನಮ್ಮನ್ನೆಲ್ಲ ಊರೂರಿಗೆ ಮುಟ್ಟಿಸಿದವರು.

ಮಾರ್ಚ್ ಏಳು, ಶನಿವಾರ. ಕಲೋನ್ ಬಿಟ್ಟಿದ್ದೆವು. ರೈನ್ ನದಿಯ ಬದಿಯಲ್ಲೇ ಹೋಗುವ ನಿಧಾನದ ರೈಲು ಬೇಕೆಂದು ವೇದಾಳೇ ಆರಿಸಿದ್ದು. ಬೆಳಿಗ್ಗೆ ಹನ್ನೊಂದರ ಸುಮಾರಿಗೆ ನಿಮ್ಮ ಸಂದೇಶ ಬಂತು. ಯುರೋಪಿನ ಸಿಮ್ ಇದ್ದದ್ದು ನನ್ನ ಫೋನಿನಲ್ಲಿ ಮಾತ್ರ. "ಅಮ್ಮನಿಗೆ ತುಂಬಾ ಕಷ್ಟ ಆಗಿದೆ. ವೇದಾಳನ್ನು ಕೂಡಲೇ ಹೊರಡಿಸಿ." ಓದಿದ ಕ್ಷಣದಲ್ಲೇ ಅತ್ತೆ ತೀರಿಹೋದರು ಎಂದು ನನಗೆ ಖಾತ್ರಿಯಾಯಿತು. ಅನುಮಾನವಲ್ಲ ಭಾವ, ಖಾತ್ರಿ.

ಯಾಕೆ ಎಂದು ನಿಮಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತೇನೆ. ತೊಂಬತ್ತಮೂರರಲ್ಲಿ ನಾನು ಪುಣೆಯಲ್ಲಿದ್ದಾಗ ನಿಮ್ಮ ತಂತಿ ಬಂತು. ನನ್ನ ತಂದೆಗೆ ತುಂಬಾ ಕಷ್ಟ, ಕೂಡಲೇ ಹೊರಡಿ ಎಂದು. ನಾನೂ ವೇದಾಳೂ ಸಿಕ್ಕಿದ ಬಸ್ಸು ಹತ್ತಿದೆವು. ಕೊಲ್ಹಾಪುರದಲ್ಲಿ ಅಪ್ಪನಿಗೆ ಇಷ್ಟವೆಂದು ದ್ರಾಕ್ಷಿ ಕೊಂಡೆ. ಜಜ್ಜಿಹೋಗಬಾರದೆಂದು ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದೆ. ಮನೆಗೆ ಬಂದರೆ ಅಂಗಳ ತೊಳೆದಾಗಿತ್ತು, ನನ್ನ ಅಣ್ಣ ಕೊಳ್ಳಿಯಿಟ್ಟು ಬಂದಾಗಿತ್ತು. ತಂತಿ ಬರೆಯುವ ಹೊತ್ತಿಗೇ ಅಪ್ಪ ಇರಲಿಲ್ಲ. ನೀವು ನನ್ನ ಕೈಯಿಂದ ದ್ರಾಕ್ಷಿ ಪೊಟ್ಟಣ ತೆಗೆದುಕೊಂಡು, "ದಾರಿಯುದ್ದಕ್ಕೂ ಅಳ್ತಾ ಬರುವುದು ಬೇಡ ಅಂತ ಹಾಗೆ ಬರೆದದ್ದು" ಎಂದಿರಿ. ಎರಡು ಸಾವಿರದ ಎಂಟರಲ್ಲಿ ಮಾವ ಹೋದಾಗಲೂ ಅದೇ. ಮೆಲಾಕಾಕ್ಕೆ ಫೋನು ಮಾಡಿ, "ಅಪ್ಪನಿಗೆ ಸ್ವಲ್ಪ ಕಷ್ಟ, ಹೊರಟು ಬನ್ನಿ" ಎಂದಿರಿ. ವೇದಾ ವಿಮಾನದಲ್ಲಿ ನೀರೂ ಕುಡಿಯದೆ ಜಪ ಮಾಡುತ್ತ ಬಂದಳು. ಮಂಗಳೂರಿನಲ್ಲಿ ಇಳಿದಾಗ ನಿಮ್ಮ ಮುಖ ನೋಡಿ ಅಲ್ಲಿಯೇ ಕುಸಿದಳು. ನಿಮ್ಮನ್ನು ದೂರುತ್ತಿಲ್ಲ. ನಮ್ಮ ಕಡೆ ಎಲ್ಲರೂ ಮಾಡುವುದು ಅದನ್ನೇ. ದೂರದಲ್ಲಿದ್ದವರಿಗೆ ಸಾವನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಕಷ್ಟ ಎನ್ನುತ್ತಾರೆ, ಹೊರಡಿ ಎನ್ನುತ್ತಾರೆ, ಉಳಿದದ್ದನ್ನು ಅಂಗಳ ಹೇಳುತ್ತದೆ. ಎರಡು ಸಲ ಪಾಠ ಕಲಿತವನು ನಾನು, ಮೂರನೆಯ ಸಲ ಮೋಸ ಹೋಗುವುದಿಲ್ಲ ಎಂದುಕೊಂಡೆ. ಮೂರನೆಯ ಸಲ ನೀವು ಇದ್ದದ್ದನ್ನು ಇದ್ದ ಹಾಗೆ ಬರೆದಿದ್ದಿರಿ.

ಒಂದು ಫೋನು ಮಾಡಿ ಕೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ನಾನೂ ನನ್ನನ್ನು ದಿನಾ ಕೇಳಿಕೊಳ್ಳುತ್ತೇನೆ. ಪಕ್ಕದಲ್ಲಿ ವೇದಾ ಕೂತಿದ್ದಳು ಎಂದು ಆಗ ಸಮಾಧಾನ ಹೇಳಿಕೊಂಡೆ. ಶೌಚದ ನೆಪ ಮಾಡಿ ಎದ್ದು ಹೋಗಿ, ಎರಡು ಬೋಗಿಗಳ ನಡುವೆ ನಿಂತು ನಿಮಗೆ ಉತ್ತರ ಬರೆದೆ. "ತಿಳಿಯಿತು ಭಾವ. ನಮಗಾಗಿ ಕಾಯಬೇಡಿ. ಮುಂದಿನದನ್ನು ನಡೆಸಿ. ವೇದಾಳಿಗೆ ನಾನೇ ನಿಧಾನವಾಗಿ ಹೇಳುತ್ತೇನೆ." ತೀರಿಹೋದವರ ಮನೆಗೆ ಬರೆದ ಮಾತು ಅದು. ನೀವು ಅದನ್ನು ಓದಿದ್ದು ಉಸಿರಾಡುತ್ತಿದ್ದ ತಾಯಿಯ ಮಂಚದ ಪಕ್ಕ ನಿಂತು. ಆಮೇಲೆ ನನಗೆ ಒಂದು ಸಾಲೂ ಬರೆಯಲಿಲ್ಲ, ತಂಗಿಯನ್ನೇ ಹಿಡಿಯಲು ನೋಡಿರಬೇಕು. ಬರೆಯುವಾಗ ನನಗೆ ನಾನು ಬಹಳ ಸಂಯಮದ ಮನುಷ್ಯ ಎನಿಸಿತ್ತು. ಮೂವತ್ತು ವರ್ಷ ಅನಾಟಮಿ ಪಾಠ ಹೇಳುತ್ತ ಹೆಣಗಳ ನಡುವೆ ನಿಂತವನು, ಬದುಕಿರುವವರನ್ನು ಸತ್ತವರ ಪಟ್ಟಿಗೆ ಸೇರಿಸಿ ಫೋನನ್ನು ಜೇಬಿಗೆ ಹಾಕಿಕೊಂಡೆ.

ಇಷ್ಟೇ ಆಗಿದ್ದರೆ ಇದನ್ನು ತಪ್ಪು ತಿಳುವಳಿಕೆ ಎನ್ನಬಹುದಿತ್ತು. ಇಷ್ಟೇ ಅಲ್ಲ. ಅತ್ತೆ ಹೋಗಿಯೇ ಹೋದರು, ಇನ್ನು ಓಡಿ ಹೋಗಿ ಮಾಡುವುದೇನು, ದಹನ ಸಂಜೆಯೊಳಗೆ ಮುಗಿಯುತ್ತದೆ, ವೇದಾಳ ಮೂವತ್ತು ವರ್ಷದ ಆಸೆ ಯಾಕೆ ಹಾಳಾಗಬೇಕು ಎಂದು ಲೆಕ್ಕ ಹಾಕಿದೆ. ಆದರೆ ಭಾವ, ಹಡಗಿನ ಆಸೆ ವೇದಾಳದ್ದಲ್ಲ. ಅವಳಿಗೆ ರೈಲಿನ ಕಿಟಕಿ ಸಾಕಿತ್ತು. ಹಡಗು ಬೇಕಾಗಿದ್ದದ್ದು ನನಗೆ. ಸಮುದ್ರಕ್ಕೆ ತೆರೆಯುವ ಬಾಲ್ಕನಿಯ ಕೋಣೆಯನ್ನು ವರ್ಷ ಮೊದಲೇ ನಾನು ಹಿಡಿದಿಟ್ಟಿದ್ದೆ. ಅದರ ಚಿತ್ರವನ್ನು ಕಾಲೇಜಿನಲ್ಲಿ ಎಲ್ಲರಿಗೂ ತೋರಿಸಿದ್ದೆ. ನಿಮ್ಮ ಸಂದೇಶ ಓದಿ ದುಃಖವಾದದ್ದು ನಿಜ. ಅದರ ಬೆನ್ನಿಗೇ, ಹೋಗಿಯಾಗಿದೆಯಲ್ಲ, ಹಾಗಾದರೆ ಪ್ರಯಾಣ ನಿಲ್ಲಿಸಬೇಕಾಗಿಲ್ಲ ಎಂಬ ಒಂದು ನಿರಾಳವೂ ಬಂತು. ಅದು ಬಂದದ್ದೂ ಅಷ್ಟೇ ನಿಜ. ನಮ್ಮವರ ಪದ್ಧತಿ ನನಗೆ ಒಳ್ಳೆಯ ನೆವವಾಯಿತು.

ಸೀಟಿಗೆ ಮರಳಿದಾಗ ವೇದಾ ಅವಲಕ್ಕಿ ಕಲಸಿಟ್ಟಿದ್ದಳು. ಯಾರ ಸಂದೇಶ ಎಂದು ಕೇಳಿದಳು. ಕಾಲೇಜಿನದು ಎಂದೆ. ನದಿಯ ಆಚೆ ದಡದಲ್ಲಿ ಒಂದು ಕೋಟೆ ಕಂಡಿತು, "ಕೇಳಿದ್ರಾ, ಅಲ್ಲಿ ನೋಡಿ" ಎಂದಳು. ನೋಡಿದೆ. ಅವಲಕ್ಕಿಯನ್ನೂ ತಿಂದೆ.

ಆ ಸಂಜೆ ಲೂಸರ್ನಿನ ಹೋಟೆಲಿನಲ್ಲಿ ಅವಳು ಸ್ನಾನಕ್ಕೆ ಹೋದಾಗ ಅವಳ ಫೋನು ತೆಗೆದು ನಿಮ್ಮ ಮನೆಯ ನಂಬರುಗಳನ್ನೆಲ್ಲ ಬ್ಲಾಕ್ ಮಾಡಿದೆ. ನಿಮ್ಮದು, ನಿಖಿತಾಳದು, ಅತ್ತೆಯದು. ನೀವು ಅವಳಿಗೆ ಎಷ್ಟು ಸಲ ಫೋನು ಮಾಡಿದಿರೋ ನನಗೆ ಗೊತ್ತಿಲ್ಲ. ತಂಗಿಯೇ ನಿಮ್ಮ ನಂಬರು ಮುಚ್ಚಿದಳು ಎಂದು ನೀವು ತಿಳಿದಿರಿ. ಮುಚ್ಚಿದ ಕೈ ನನ್ನದು. ವೇದಾ ತಲೆಗೆ ಟವೆಲು ಸುತ್ತಿಕೊಂಡು ಹೊರಗೆ ಬಂದು, ನನ್ನ ಫೋನು ಯಾಕೆ ಹಿಡಿದಿದ್ದೀರಿ ಎಂದಳು. ಚಾರ್ಜಿಗೆ ಹಾಕುತ್ತಿದ್ದೆ ಎಂದೆ.

ಮರುದಿನ ಭಾನುವಾರ. ಭಾನುವಾರ ಅಮ್ಮನ ಹತ್ತಿರ ಮಾತಾಡದಿದ್ದರೆ ಅವಳಿಗೆ ವಾರ ಶುರುವಾಗುವುದಿಲ್ಲ. ಇಲ್ಲಿ ವೈಫೈ ಸರಿಯಿಲ್ಲ, ಹಡಗು ಹತ್ತಿದ ಮೇಲೆ ಮಾಡುವ, ಅತ್ತೆಗೆ ಸಮುದ್ರದ ಶಬ್ದ ಕೇಳಿಸುವ ಎಂದೆ. ಅವಳು ಖುಷಿಯಿಂದ ಒಪ್ಪಿದಳು. ಸೋಮವಾರ ಅಲ್ಲಿಯ ಅಂಗಡಿಯೊಂದರಲ್ಲಿ ಅತ್ತೆಗೆಂದು ಉಣ್ಣೆಯ ಶಾಲು ಆರಿಸಿದಳು. ಅರ್ಧ ಗಂಟೆ ಆರಿಸಿದಳು. ಕಂದು ಬಣ್ಣವೋ ಬೂದಿಯೋ ಎಂದು ನನ್ನನ್ನು ಕೇಳಿದಳು. ಸತ್ತವರಿಗೆ ಶಾಲಿನ ಬಣ್ಣ ಆರಿಸುವ ಮಗಳನ್ನು ನೋಡುತ್ತಿದ್ದೇನೆ ಎಂದುಕೊಂಡು ನನಗೆ ಕಣ್ಣು ತುಂಬಿತು. ಈಗ ಬೇಡ, ಯಾಕೆ ಹೊರುವುದು ಎಂದೆ. ನಿಮಗೆ ನನ್ನ ಅಮ್ಮನೆಂದರೆ ಅಷ್ಟಕ್ಕಷ್ಟೇ ಎಂದು ಮುನಿಸಿಕೊಂಡಳು. ಅತ್ತೆ ಆಗ ಬದುಕಿದ್ದರು. ನಿಮ್ಮ ಮನೆಯ ನಡುಕೋಣೆಯಲ್ಲಿ ಮಲಗಿ ಅದೇ ಹೊತ್ತಿಗೆ ಇವಳನ್ನೇ ಕೇಳುತ್ತಿದ್ದಿರಬೇಕು. ಜೂರಿಕ್ ವಿಮಾನ ನಿಲ್ದಾಣ ನಾವಿದ್ದ ಜಾಗದಿಂದ ರೈಲಿನಲ್ಲಿ ಒಂದು ಗಂಟೆ. ಅಲ್ಲಿಂದ ದುಬೈ, ದುಬೈಯಿಂದ ಮಂಗಳೂರು. ದಾರಿ ಇನ್ನೂ ತೆರೆದೇ ಇತ್ತು.

ಜಿನೀವಾ, ಲಿಯಾನ್ ಆಯಿತು. ಒಂದೊಂದು ಊರಿಗೂ ಜನ ಕಡಿಮೆಯಾಗುತ್ತ ಬಂದರು. ಬಾರ್ಸಿಲೋನಾದಲ್ಲಿ ಹೋಟೆಲಿನವರೇ ಮೂಗಿಗೆ ಬಟ್ಟೆ ಕಟ್ಟಿಕೊಂಡು ಬೀಗದ ಕೈ ಕೊಟ್ಟರು. ಹದಿಮೂರನೆಯ ತಾರೀಕು ಸಂಜೆ ಹಡಗಿನ ಕಂಪನಿಯವರ ಸಂದೇಶ ಬಂತು, ಪ್ರಯಾಣ ರದ್ದು. ನಾನು ಮಂಚದ ಮೇಲೆ ಕೂತುಬಿಟ್ಟೆ. ವೇದಾ ಒಂದಿಷ್ಟೂ ಬೇಸರ ಮಾಡಲಿಲ್ಲ. "ಹೋಗ್ಲಿ ಬಿಡಿ. ಹೇಗೂ ರಜೆ ಉಂಟಲ್ಲ, ಇಲ್ಲಿಂದ ಸೀದಾ ಊರಿಗೆ ಹೋಗುವ. ಅಮ್ಮನನ್ನು ನೋಡಿಕೊಂಡು ಬರುವ" ಎಂದಳು. ಅಂದು ಹೊರಟಿದ್ದರೂ ನಡುವೆ ಎಲ್ಲೋ ಹದಿನಾಲ್ಕು ದಿನ ಕೂಡಿಹಾಕುತ್ತಿದ್ದರೋ ಏನೋ. ಆದರೆ ಅತ್ತೆಯ ಕಿವಿಗೆ ಫೋನಿನಲ್ಲಾದರೂ ಮಗಳ ದನಿ ಬೀಳುತ್ತಿತ್ತು. ಬೇಡ, ಮೊದಲು ಮೆಲಾಕಾಕ್ಕೆ ಹೋಗುವ ಎಂದೆ. ಊರಿಗೆ ಹೋಗಿ ಅಂಗಳದಲ್ಲಿ ಕುಸಿಯುವುದಕ್ಕಿಂತ ಮನೆಯಲ್ಲಿ ಕೂರಿಸಿ ನಾನೇ ಹೇಳುವುದು ಮೇಲು ಎಂದು ಆಗಲೂ ನನ್ನ ಜಾಣತನವೇ ನನಗೆ ಹೆಚ್ಚಾಗಿತ್ತು.

ಹದಿನಾರನೆಯ ತಾರೀಕು ಸೋಮವಾರ ಮಧ್ಯಾಹ್ನ ಮೆಲಾಕಾ ಮುಟ್ಟಿದೆವು. ವೇದಾ ಒಗೆಯುವ ಬಟ್ಟೆ ವಿಂಗಡಿಸುತ್ತಿದ್ದಳು. ನಾನು ಬಾಲ್ಕನಿಗೆ ಹೋಗಿ ಬಾಗಿಲೆಳೆದುಕೊಂಡು ನಿಮಗೆ ಫೋನು ಮಾಡಿದೆ. ಆ ಮಾತುಗಳು ನಿಮಗೂ ನೆನಪಿರುತ್ತವೆ. "ಹತ್ತನೆಯ ದಿನದ ಕಾರ್ಯ ಇವತ್ತಲ್ಲವಾ ಭಾವ, ಎಲ್ಲ ಸಾಂಗವಾಗಿ ನಡೆಯಿತಾ?" ಎಂದು ಕೇಳಿದೆ. ನೀವು ಹೇಳಿದಿರಿ. "ಎಂತ ಹತ್ತನೇ ದಿನ? ಅಮ್ಮ ಹೋದದ್ದು ಇವತ್ತು ಬೆಳಗಿನ ಜಾವ. ಈಗಷ್ಟೇ ಸುಟ್ಟು ಬಂದೆ. ಒಂಬತ್ತು ದಿನ ಒಂದೇ ಮಾತು, ವೇದಾ ಎಲ್ಲಿಗೆ ಮುಟ್ಟಿದ್ಲು, ವೇದಾ ಎಲ್ಲಿಗೆ ಮುಟ್ಟಿದ್ಲು. ದುಬೈಗೆ ಮುಟ್ಟಿದ್ಲು ಅಂದೆ, ಬೊಂಬಾಯಿಗೆ ಮುಟ್ಟಿದ್ಲು ಅಂದೆ. ನಿನ್ನೆ ಮಂಗಳೂರಿಗೆ ಮುಟ್ಟಿದ್ಲು ಅಂತಲೂ ಹೇಳಿದೆ. ನೀವು ಮಾತ್ರ ಅಮ್ಮನನ್ನು ಬದುಕಿರುವಾಗಲೇ ಸುಟ್ಟು ಕೂತಿದ್ದೀರಿ." ಅಷ್ಟು ಹೇಳಿ ಇಟ್ಟಿರಿ. ಅದೇ ನಮ್ಮ ನಡುವಿನ ಕೊನೆಯ ಮಾತು.

ಆಗಲಾದರೂ ಒಳಗೆ ಹೋಗಿ ವೇದಾಳ ಕಾಲು ಹಿಡಿಯಬೇಕಿತ್ತು. ಹೋದೆ, ಅವಳನ್ನು ಕೂರಿಸಿದೆ, ಅಮ್ಮ ಇವತ್ತು ಬೆಳಿಗ್ಗೆ ಹೋದರಂತೆ, ಇದ್ದಕ್ಕಿದ್ದ ಹಾಗೆ, ಏನೂ ನೋವಾಗಲಿಲ್ಲವಂತೆ ಎಂದೆ. ಅವಳು "ಭಾನುವಾರ ನಾನು ಮಾತಾಡಲೇ ಇಲ್ಲ" ಎಂದಳು. ಅಳು ಬಂದದ್ದು ಆಮೇಲೆ. ಅವಳು ತಲೆಗೆ ಸ್ನಾನ ಮಾಡಲು ಹೋದಾಗ, ಮುಚ್ಚಿದ್ದ ನಂಬರುಗಳನ್ನು ಮತ್ತೆ ತೆರೆದಿಟ್ಟೆ. ಅಂದು ಸಂಜೆಯೇ ದೇಶಕ್ಕೆ ಬೀಗ ಹಾಕುವುದಾಗಿ ಟಿವಿಯಲ್ಲಿ ಹೇಳಿದರು. ಹೋಗುವ ಮಾತೇ ಉಳಿಯಲಿಲ್ಲ. ನಿಮಗೆ ಫೋನು ಮಾಡಿದಳು, ನೀವು ಎತ್ತಲಿಲ್ಲ. ಮರುದಿನ, ಮರುವಾರ, ಗೌರಿ ಹಬ್ಬಕ್ಕೆ, ದೀಪಾವಳಿಗೆ, ಅತ್ತೆಯ ವರ್ಷಾಂತಿಕದ ದಿನ. ಊರು ಸುತ್ತಲು ಹೋಗಿದ್ದೆವಲ್ಲ, ಆ ಸಿಟ್ಟು, ಇಳಿಯುತ್ತದೆ ಬಿಡು ಎಂದು ನಾನು ಸಮಾಧಾನ ಮಾಡಿದೆ. ಅಣ್ಣ ತಂಗಿಯ ಜಗಳವನ್ನು ನೆಂಟರ ಮನೆಗೆ ಒಯ್ದು ವಿಚಾರಿಸುವ ಸ್ವಭಾವ ಅವಳದ್ದಲ್ಲ. ನಿಮ್ಮದೂ ಅಲ್ಲ. ಎರಡೂ ಕಡೆಯ ಆ ಮರ್ಯಾದೆಯೇ ಹದಿನೈದು ತಿಂಗಳು ನನ್ನನ್ನು ಕಾಪಾಡಿತು.

ಈಗ ಯಾಕೆ ಬರೆಯುತ್ತಿದ್ದೇನೆ ಎಂಬುದನ್ನೂ ಹೇಳಿಬಿಡುತ್ತೇನೆ. ನನಗೆ ಒಳ್ಳೆಯ ಬುದ್ಧಿ ಬಂತು ಎಂದುಕೊಳ್ಳಬೇಡಿ. ನಿನ್ನೆ ಅವಳು "ಅಣ್ಣ ಮಾಡಿದ್ನಾ" ಎಂದು ಕೇಳಿ, ನರ್ಸ್ ಫೋನು ತೆಗೆದುಕೊಂಡು ಹೋದ ಮೇಲೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಇವಳು ಹೋಗಿಬಿಟ್ಟರೆ ಇದನ್ನು ಇನ್ನು ಯಾರಿಗೂ ಹೇಳಬೇಕಾಗಿಲ್ಲ ಎಂದು ಮನಸ್ಸಿಗೆ ಬಂತು. ಬೇಡ ಬೇಡ ಎಂದರೂ ಬಂತು. ರೈಲಿನಲ್ಲಿ ಬಂದಿತ್ತಲ್ಲ, ಅದೇ ನಿರಾಳ. ನನಗೆ ನನ್ನದೇ ಭಯವಾಯಿತು ಭಾವ. ಕೈ ಒರೆಸಿಕೊಂಡು ಬಂದು ಅನೀಶನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವನು ಫೋನು ಇಟ್ಟ. ಹತ್ತು ನಿಮಿಷದ ಮೇಲೆ ನಿಖಿತಾಳ ನಂಬರು ಮಾತ್ರ ಕಳಿಸಿದ.

ವೇದಾ ಮನೆಗೆ ಬಂದರೆ ಅದೇ ದಿನ ಅವಳಿಗೆ ನಾನೇ ಎಲ್ಲ ಹೇಳುತ್ತೇನೆ. ಆಮೇಲೆ ಅವಳು ನನ್ನೊಂದಿಗೆ ಇರುತ್ತಾಳೋ, ಅನೀಶನ ಹತ್ತಿರ ಹೋಗುತ್ತಾಳೋ, ಊರಿಗೇ ಬರುತ್ತಾಳೋ ಅವಳ ಇಷ್ಟ. ಈಗ ಫೋನಿನಲ್ಲಿ ಏನು ಹೇಳಬೇಕೆಂದು ನಿಮಗೆ ಕಲಿಸುವವನು ನಾನಲ್ಲ. ನಿಜ ಹೇಳಬೇಕೆನಿಸಿದರೆ ಹೇಳಿ, ನನ್ನ ಹೆಸರನ್ನು ಮುಚ್ಚಬೇಡಿ. ಏನೂ ಹೇಳಲಾಗದಿದ್ದರೆ ಅವಳ ಹೆಸರು ಕರೆದರೂ ಸಾಕು. ತಾನು ತಪ್ಪು ಮಾಡಿದ್ದೇನೆ ಎಂದುಕೊಂಡೇ ಆ ಮಂಚದ ಮೇಲೆ ಮಲಗಿದ್ದಾಳೆ. ಅದೊಂದು ಅವಳಿಂದ ಇಳಿದರೆ ಸಾಕು. ನನ್ನನ್ನು ಕ್ಷಮಿಸಿ ಎಂದು ಬರೆಯುತ್ತಿಲ್ಲ. ಕ್ಷಮಿಸುವಂಥದ್ದಲ್ಲ, ನನಗೆ ಗೊತ್ತಿದೆ.

ನಿಮ್ಮ ಆರೋಗ್ಯ ನೋಡಿಕೊಳ್ಳಿ. ನಿಖಿತಾಳಿಗೆ ನನ್ನ ಆಶೀರ್ವಾದ. ಅತ್ತೆಯ ಫೋಟೋದ ಎದುರು ನನ್ನ ಹೆಸರಿನಲ್ಲಿ ಕೈ ಮುಗಿಯಿರಿ ಎನ್ನುವ ಧೈರ್ಯವಿಲ್ಲ. ವೇದಾಳ ಹೆಸರಿನಲ್ಲಿ ಮುಗಿಯಿರಿ.

ನಿಮ್ಮ ತಂಗಿಯ ಗಂಡ,
ರಾಧಾಕೃಷ್ಣ

ಮತ್ತೆ: ಮೊದಲ ಪುಟಗಳ ಫೋಟೋ ತೆಗೆಯುತ್ತಿರುವಾಗಲೇ ಆಸ್ಪತ್ರೆಯಿಂದ ಫೋನು ಬಂತು. ಆಮ್ಲಜನಕ ಸಾಲುತ್ತಿಲ್ಲ. ನಾಳೆ ಬೆಳಿಗ್ಗೆ ಎಂಟಕ್ಕೆ ನಿದ್ದೆ ಬರಿಸಿ ಗಂಟಲಿಗೆ ಕೊಳವೆ ಹಾಕುತ್ತಾರೆ. ಆಮೇಲೆ ಎಷ್ಟು ದಿನ ಮಾತಿಲ್ಲವೋ, ಮುಂದೆ ಮಾತು ಉಂಟೋ ಇಲ್ಲವೋ, ಯಾರೂ ಹೇಳುವುದಿಲ್ಲ. ಇಲ್ಲಿ ಈಗ ಸಂಜೆ ಐದೂವರೆ, ನಿಮ್ಮಲ್ಲಿ ಮೂರು ಗಂಟೆ. ಇವತ್ತು ರಾತ್ರಿ ಒಂಬತ್ತರವರೆಗೆ, ನಿಮ್ಮ ಆರೂವರೆಯವರೆಗೆ, ಫೋನನ್ನು ಅವಳ ತಲೆದಿಂಬಿನ ಪಕ್ಕ ಇಡಲು ಒಪ್ಪಿದ್ದಾರೆ. ಅವಳ ಹಳೆಯ ನಂಬರೇ. ಇದನ್ನು ಓದಿ ನೀವು ಏನು ತಿಳಿಯುತ್ತೀರಿ ಎಂದು ಹೆದರಿ ಇಷ್ಟು ಸೇರಿಸುತ್ತಿದ್ದೇನೆ. ಭಾವ, ನಾನು ನಮ್ಮವರ ಪದ್ಧತಿಯಲ್ಲಿ ಬರೆದಿಲ್ಲ. ವೇದಾ ಹೋಗಿಲ್ಲ. ನಿಮ್ಮನ್ನು ಮೆತ್ತಗೆ ಸಿದ್ಧಪಡಿಸಲು ಕಷ್ಟ ಎಂದು ಬರೆದದ್ದಲ್ಲ. ಐದು ಗಂಟೆಗೆ ನರ್ಸ್ ನನಗೆ ಅವಳ ಮುಖ ತೋರಿಸಿದಳು, ಕಣ್ಣು ತೆರೆದಿತ್ತು, ನನ್ನನ್ನು ನೋಡಿದಳು. ಬದುಕಿದ್ದಾಳೆ. ಈಗಲೇ ಮಾಡಿ.